ಕಾಫಿ ಅಂಗಡಿಯ ಊಟ, ಮನೆಯವರ ದುಡಿಮೆ



ಸಿಂಗಪುರದ ಹೆಸರು ಕೇಳಿದ್ದೀರಾ? ಅದು ಸಮುದ್ರದ ನಡುವೆ ಇರುವ ಸಣ್ಣ ದೇಶ. ಅಲ್ಲಿ ಚೀನೀ ಜನ ಹೆಚ್ಚು. ಮಲಯ ಜನರೂ ಇದ್ದಾರೆ. ನಮ್ಮ ದೇಶದಿಂದ ಹೋದವರೂ ಇದ್ದಾರೆ. ಕನ್ನಡದವರೂ ಅಲ್ಲಿ ದುಡಿಯುತ್ತಾರೆ.

ಅಲ್ಲಿ ಬಡಾವಣೆ ಬಡಾವಣೆಗೂ ಕಾಫಿ ಅಂಗಡಿ ಉಂಟು. ಅದಕ್ಕೆ ‘ಕೋಪಿಟಿಯಮ್’ ಅನ್ನುತ್ತಾರೆ. ‘ಕೋಪಿ’ ಅಂದರೆ ಕಾಫಿ. ಇದು ಮಲಯ ಮಾತು. ‘ಟಿಯಮ್’ ಅಂದರೆ ಅಂಗಡಿ. ಇದು ಚೀನೀ ಮಾತು. ಎರಡು ಭಾಷೆ ಕೂಡಿ ಒಂದು ಪದ ಆಯಿತು.

ಹೆಸರಿಗೆ ಕಾಫಿ ಅಂಗಡಿ. ಆದರೆ ಊಟವೂ ಸಿಗುತ್ತದೆ. ಒಂದೇ ಸೂರಿನ ಕೆಳಗೆ ನಾಲ್ಕಾರು ಗೂಡಂಗಡಿ ಇರುತ್ತವೆ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಶಾವಿಗೆ. ಕಾಫಿ, ಟೀ ಮಾಡುವುದು ಸಾಮಾನ್ಯವಾಗಿ ಅಂಗಡಿಯ ಯಜಮಾನರು. ಉಳಿದ ಗೂಡುಗಳನ್ನು ಬಾಡಿಗೆಗೆ ಕೊಡುತ್ತಾರೆ. ಈಗ ದೊಡ್ಡ ಕಂಪನಿಗಳೂ ಈ ವ್ಯಾಪಾರಕ್ಕೆ ಇಳಿದಿವೆ. ಆದರೂ ಗಂಡ, ಹೆಂಡತಿ, ಮಕ್ಕಳು ಸೇರಿ ನಡೆಸುವ ಅಂಗಡಿಗಳು ಇನ್ನೂ ಇವೆ.

ಇದು ಶುರುವಾದದ್ದು ಹೇಗೆ?

ಚೀನಾ ದೇಶದ ದಕ್ಷಿಣಕ್ಕೆ ಹೈನಾನ್ ಎಂಬ ದ್ವೀಪ ಇದೆ. ಅಲ್ಲಿನ ಜನ ಹೊಟ್ಟೆಪಾಡಿಗಾಗಿ ಸಿಂಗಪುರಕ್ಕೆ ಬಂದರು. ಬೇರೆ ಚೀನೀಯರಿಗಿಂತ ತಡವಾಗಿ ಬಂದರು. ಆ ಹೊತ್ತಿಗೆ ಲಾಭದ ವ್ಯಾಪಾರಗಳೆಲ್ಲ ಬೇರೆಯವರ ಕೈಯಲ್ಲಿದ್ದವು.

ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ. ಹೈನಾನಿನ ಬಹಳ ಜನ ಬ್ರಿಟಿಷರ ಮನೆಗಳಲ್ಲಿ, ಹಡಗುಗಳಲ್ಲಿ ಅಡುಗೆಯವರಾದರು. ಕಾಫಿ ಮಾಡುವುದು, ಬ್ರೆಡ್ಡು ಸುಡುವುದು ಅವರಿಗೆ ಕೈಗೆ ಬಂತು. ಮುಂದೆ ಅದೇ ಕಸುಬು ನಂಬಿ ತಮ್ಮದೇ ಅಂಗಡಿ ಇಟ್ಟರು. ಕೂಲಿ ಮಾಡುವವರು, ರಿಕ್ಷಾ ಎಳೆಯುವವರು ಅಲ್ಲಿಗೆ ಬಂದು ಕೂತರು. ಕೈಯಲ್ಲಿ ಕಲಿತ ವಿದ್ಯೆ ಅನ್ನ ಕೊಟ್ಟಿತು.

ಬನ್ನಿ, ಒಳಗೆ ಹೋಗೋಣ

ಮೊದಲು ಕಾಫಿ. ಕಾಫಿ ಬೀಜವನ್ನು ಸಕ್ಕರೆ ಮತ್ತು ಮಾರ್ಗರೀನ್ ಹಾಕಿ ಹುರಿಯುತ್ತಾರೆ. ಮಾರ್ಗರೀನ್ ಅಂದರೆ ಬೆಣ್ಣೆಯ ಹಾಗೆ ಕಾಣುವ ಕೊಬ್ಬು. ಅದರಿಂದ ಪುಡಿ ಕಪ್ಪಗೆ ಆಗುತ್ತದೆ. ಉದ್ದನೆಯ ಬಟ್ಟೆ ಚೀಲದಲ್ಲಿ ಪುಡಿ ಹಾಕಿ ಬಿಸಿನೀರು ಸುರಿಯುತ್ತಾರೆ. ಆ ಚೀಲ ನೋಡಲು ಕಾಲುಚೀಲದ ಹಾಗೇ ಇರುತ್ತದೆ!

ಕಾಫಿ ಕೇಳಲು ಅಲ್ಲಿ ಬೇರೆ ಬೇರೆ ಮಾತುಗಳಿವೆ.

ಕೋಪಿ: ಗಟ್ಟಿ ಸಿಹಿ ಡಬ್ಬಿ ಹಾಲು ಹಾಕಿದ್ದು.
ಕೋಪಿ ಓ: ಹಾಲಿಲ್ಲ, ಸಕ್ಕರೆ ಇದೆ.
ಕೋಪಿ ಓ ಕೊಸೊಂಗ್: ಹಾಲೂ ಇಲ್ಲ, ಸಕ್ಕರೆಯೂ ಇಲ್ಲ.

‘ಕೊಸೊಂಗ್’ ಅಂದರೆ ಮಲಯ ಮಾತಿನಲ್ಲಿ ಖಾಲಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ಒಂದು ಪದ ಗೊತ್ತಿದ್ದರೆ ಸಾಕು.

ಕಾಫಿ ಜೊತೆ ಸುಟ್ಟ ಬ್ರೆಡ್ಡು. ಅದರ ನಡುವೆ ‘ಕಾಯಾ’ ಸವರಿರುತ್ತಾರೆ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ತಿರುವಿ ತಿರುವಿ ಕಾಯಾ ಮಾಡುತ್ತಾರೆ.

ಮಧ್ಯಾಹ್ನಕ್ಕೆ ಹೈನಾನಿನವರ ಕೋಳಿ ಅನ್ನ. ಇಡೀ ಕೋಳಿಯನ್ನು ಸಣ್ಣ ಉರಿಯ ನೀರಿನಲ್ಲಿ ಬೇಯಿಸುತ್ತಾರೆ. ಆ ನೀರನ್ನು ಚೆಲ್ಲುವುದಿಲ್ಲ. ಅಕ್ಕಿಯನ್ನು ಕೋಳಿ ಕೊಬ್ಬು, ಶುಂಠಿ, ಬೆಳ್ಳುಳ್ಳಿಯಲ್ಲಿ ಬಾಡಿಸಿ ಅದೇ ನೀರಿನಲ್ಲಿ ಅನ್ನ ಮಾಡುತ್ತಾರೆ. ಉಳಿದ ನೀರೇ ಸಾರು. ಪಕ್ಕದಲ್ಲಿ ಕೆಂಪು ಮೆಣಸಿನ ಚಟ್ನಿ. ಒಂದು ಕೋಳಿ, ಮೂರು ಅಡುಗೆ. ಜಾಣತನದ ಅಡುಗೆ ಹೌದು ತಾನೆ?

ಬೋರ್ಡು ಓದಿ, ಕೇಳಿ, ಆಮೇಲೆ ತಿನ್ನಿ

ಇನ್ನೊಂದು ತಿಂಡಿಗೆ ‘ಕ್ಯಾರೆಟ್ ಕೇಕ್’ ಎಂದು ಬೋರ್ಡು ಹಾಕಿರುತ್ತಾರೆ. ಅದರಲ್ಲಿ ಕ್ಯಾರೆಟ್ ಇಲ್ಲ. ಅದು ಸಿಹಿ ಕೇಕೂ ಅಲ್ಲ! ಮೂಲಂಗಿ ತುರಿ, ಅಕ್ಕಿ ಹಿಟ್ಟು ಕಲಸಿ ಹಬೆಯಲ್ಲಿ ಬೇಯಿಸುತ್ತಾರೆ. ತುಂಡು ಮಾಡಿ ಮೊಟ್ಟೆ ಜೊತೆ ಹುರಿಯುತ್ತಾರೆ. ಅವರ ಭಾಷೆಯಲ್ಲಿ ಮೂಲಂಗಿಗೂ ಕ್ಯಾರೆಟ್ಟಿಗೂ ಹತ್ತಿರದ ಹೆಸರು. ಅದಕ್ಕೇ ಹೀಗಾಯಿತು.

‘ಚಾರ್ ಕ್ವೇ ಟಿಯೊ’ ಅಂದರೆ ಅಗಲವಾದ ಅಕ್ಕಿ ಶಾವಿಗೆ. ದೊಡ್ಡ ಬಾಣಲೆಯಲ್ಲಿ ಜೋರು ಉರಿಯಲ್ಲಿ ಹುರಿಯುತ್ತಾರೆ. ಮೊಳಕೆ ಕಾಳು, ಮೊಟ್ಟೆ, ಚಿಪ್ಪಿನ ಮಾಂಸ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಹಂದಿ ಕೊಬ್ಬನ್ನೂ ಹಾಕುತ್ತಾರೆ. ಹಂದಿ ತಿನ್ನದವರು, ಮಾಂಸ ತಿನ್ನದವರು ಮೊದಲೇ ಕೇಳಬೇಕು. ಬರೀ ಸೊಪ್ಪಿನ ಪಲ್ಯದಲ್ಲೂ ಒಣ ಸೀಗಡಿ ಇರಬಹುದು. ಕೇಳುವುದಕ್ಕೆ ನಾಚಿಕೆ ಬೇಡ. ಅಂಗಡಿಯವರನ್ನು ಅಲ್ಲಿ ‘ಅಂಕಲ್’, ‘ಆಂಟಿ’ ಎಂದು ಕರೆಯುತ್ತಾರೆ. ನಾವು ಅಣ್ಣ, ಅಕ್ಕ ಅನ್ನುವ ಹಾಗೆ.

ಉಂಡ ತಟ್ಟೆಯನ್ನು ಉಂಡವರೇ ಎತ್ತಿಡಬೇಕು. 2022ರಿಂದ ಕಾಫಿ ಅಂಗಡಿಗಳಲ್ಲೂ ಈ ನಿಯಮ ಕಟ್ಟುನಿಟ್ಟಾಗಿದೆ. ಮೊದಲು ಎಚ್ಚರಿಕೆ, ಮತ್ತೆ ತಪ್ಪಿದರೆ ದಂಡ. ಗಂಡಸರಾದರೂ ಸರಿ, ಹೆಂಗಸರಾದರೂ ಸರಿ, ತಟ್ಟೆ ಎತ್ತಲೇಬೇಕು!

ಊಟ ಅಗ್ಗ, ದುಡಿಮೆ ಅಗ್ಗವೇ?

2020ರಲ್ಲಿ ಯುನೆಸ್ಕೋ ಸಂಸ್ಥೆ ಸಿಂಗಪುರದ ಈ ಬಗೆಯ ಬಡವರ, ಬಲ್ಲಿದರ ಊಟದ ಸಂಸ್ಕೃತಿಯನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಹಳೆಯ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ಬಾಡಿಗೆ ಏರಿದೆ. ಬೆಳಗಿನ ಜಾವ ಏಳಬೇಕು. ದಿನವಿಡೀ ಬೆಂಕಿ ಮುಂದೆ ನಿಲ್ಲಬೇಕು. ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗುತ್ತಾರೆ.

ಒಂದು ಲೆಕ್ಕ ಮಾಡೋಣ. ಇದು ಕಲಿಯಲು ಮಾಡಿಕೊಂಡ ಉದಾಹರಣೆ. ಡಾಲರ್ ಅಂದರೆ ಅಲ್ಲಿನ ಹಣ.

ಒಂದು ತಟ್ಟೆಗೆ 4 ಡಾಲರ್. 100 ತಟ್ಟೆ ಮಾರಾಟ: 400
ಸಾಮಾನಿಗೆ: 180
ಬಾಡಿಗೆ: 90
ಗ್ಯಾಸು, ಕರೆಂಟು, ನೀರು: 30
ಒಟ್ಟು ಖರ್ಚು: 300
ಉಳಿದದ್ದು: 100

‘ನೂರು ಡಾಲರ್ ಲಾಭ’ ಎಂದು ಯಜಮಾನ ಹೇಳುತ್ತಾನೆ. ನಿಲ್ಲಿ! ಗಂಡ, ಹೆಂಡತಿ ಇಬ್ಬರೂ ಹತ್ತು ಹತ್ತು ಗಂಟೆ ದುಡಿದಿದ್ದಾರೆ. ಒಟ್ಟು 20 ಗಂಟೆ. ನೂರನ್ನು ಇಪ್ಪತ್ತರಿಂದ ಭಾಗಿಸಿ. ಗಂಟೆಗೆ 5 ಡಾಲರ್ ಆಯಿತು. ಅಂದರೆ ಉಳಿದದ್ದು ಲಾಭ ಅಲ್ಲ, ಇಬ್ಬರ ಕೂಲಿ. ಅದರಲ್ಲಿ ಅರ್ಧ ಹೆಂಡತಿಯದು. ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರು ಬರೆಯದಿದ್ದರೆ ಅವಳ ದುಡಿಮೆ ಯಾರ ಕಣ್ಣಿಗೂ ಕಾಣದು.

ಮನೆಯವರೇ ನಡೆಸುವ ಅಂಗಡಿ ಎಲ್ಲಿದ್ದರೂ ಈ ಮಾತು ಸಲ್ಲುತ್ತದೆ. ಇಡ್ಲಿ ಮಾರಿದರೂ ಅಷ್ಟೇ, ಹೂ ಕಟ್ಟಿದರೂ ಅಷ್ಟೇ. ಸಾಮಾನಿನ ಲೆಕ್ಕದ ಜೊತೆ ನಿಮ್ಮ ಗಂಟೆಗಳನ್ನೂ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ.

ಉತ್ತರ ಹೇಳಿ

1. ‘ಕೋಪಿಟಿಯಮ್’ ಪದದಲ್ಲಿ ಯಾವ ಎರಡು ಭಾಷೆ ಸೇರಿವೆ?
2. ಕೋಳಿ ಬೇಯಿಸಿದ ನೀರನ್ನು ಏನು ಮಾಡುತ್ತಾರೆ?
3. ಹಾಲು, ಸಕ್ಕರೆ ಬೇಡ ಎನ್ನಲು ಏನು ಕೇಳಬೇಕು?

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಏನಾದರೂ ಮಾರುತ್ತೀರಾ? ಒಂದು ವಾರದ ಲೆಕ್ಕ ಬರೆಯಿರಿ. ಯಾರು ಎಷ್ಟು ಗಂಟೆ ದುಡಿದರು ಎಂದೂ ಬರೆಯಿರಿ. ಮನೆಯವರೆಲ್ಲರ ಎದುರಿಗೆ ಗಟ್ಟಿಯಾಗಿ ಓದಿ.