ದೋಣದಿಂದ ನಾಳಿಗೆ: ಒಬ್ಬ ರಾಜ ಊಟ ಕಡಿಮೆ ಮಾಡಿಕೊಂಡ ಬಗೆ



ವರ್ಷಾವಾಸದ ಧಮ್ಮ ಚಿಂತನೆ. ಇಂದಿನ ಪಾಠ: ಸಂಯುತ್ತ ನಿಕಾಯ, ಕೋಸಲ ಸಂಯುತ್ತ, *ದೋಣಪಾಕ ಸುತ್ತ*.

ಧಮ್ಮ ಬಂಧುಗಳೇ,

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು: "ಸರ್, ಸುತ್ತಗಳಲ್ಲಿ ದುಃಖ, ತೃಷ್ಣೆ, ನಿಬ್ಬಾಣ ಎಲ್ಲಾ ಬರ್ತದ. ನನಗ ಮೊಣಕಾಲು ನೋವು, ಡಾಕ್ಟರ್ ತೂಕ ಇಳಿಸು ಅಂದಾರ. ಅದಕ್ಕೇನಾದರೂ ಅದ ಏನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ, ನಗುವ ಪ್ರಶ್ನೆಯೇ ಅಲ್ಲ ಅದು. ಇದೇ ತೊಂದರೆ ಇಟ್ಟುಕೊಂಡು ಬುದ್ಧರ ಬಳಿಗೆ ಹೋದವನು ಕೋಸಲ ದೇಶದ ರಾಜ ಪಸೇನದಿ. ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಓದಿದವರಿಗೆ ಪ್ರಸೇನಜಿತ ಎಂಬ ಹೆಸರಿನಿಂದ ಇವನ ಪರಿಚಯವಿದೆ.

ಕಥೆ ಚಿಕ್ಕದು. ಆ ಕಾಲದಲ್ಲಿ ರಾಜನಿಗೆ ಒಂದು ದೋಣ ಅಕ್ಕಿಯ ಅನ್ನ ಉಣ್ಣುವ ರೂಢಿ. ದೋಣ ಅಂದರೆ ಸಂಸ್ಕೃತದ ದ್ರೋಣ, ಧಾನ್ಯ ಅಳೆಯುವ ದೊಡ್ಡ ಅಳತೆ. ಒಂದು ದಿನ ಉಂಡು, ಏದುಸಿರು ಬಿಡುತ್ತಾ ಬುದ್ಧರ ಬಳಿಗೆ ಬಂದು, ನಮಸ್ಕರಿಸಿ ಪಕ್ಕಕ್ಕೆ ಕೂತ. ಬುದ್ಧರು ಅವನ ಏದುಸಿರು ಗಮನಿಸಿದರು. ಬೈಯಲಿಲ್ಲ, ಹಾಸ್ಯ ಮಾಡಲಿಲ್ಲ. ಒಂದು ಗಾಥೆ ಹೇಳಿದರು, ಅಷ್ಟೇ. ಸದಾ ಎಚ್ಚರದಿಂದ ಇದ್ದು, ಸಿಕ್ಕ ಊಟದಲ್ಲಿ ತನಗೆಷ್ಟು ಬೇಕೆಂದು ಬಲ್ಲವನ ನೋವುಗಳು ತೆಳುವಾಗುತ್ತವೆ, ಮುಪ್ಪು ನಿಧಾನವಾಗಿ ಬರುತ್ತದೆ, ಆಯುಷ್ಯ ಉಳಿಯುತ್ತದೆ ಎನ್ನುವುದು ಅದರ ತಾತ್ಪರ್ಯ.

ಮುಂದೆ ರಾಜ ಮಾಡಿದ್ದನ್ನು ಗಮನಿಸಿ. "ನನಗೆ ತಿಳಿಯಿತು, ನಾಳೆಯಿಂದ ಕಡಿಮೆ ಉಣ್ಣುತ್ತೇನೆ" ಎಂದು ಅವನು ಶಪಥ ಮಾಡಲಿಲ್ಲ. ತನ್ನ ಹಿಂದೆ ನಿಂತಿದ್ದ ಸುದಸ್ಸನ ಎಂಬ ತರುಣನಿಗೆ, "ಈ ಗಾಥೆಯನ್ನು ಬುದ್ಧರಿಂದ ಕಲಿತುಕೋ, ನನಗೆ ಊಟ ಬಡಿಸುವಾಗಲೆಲ್ಲಾ ಹೇಳು. ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ" ಎಂದ. ತರುಣ ಒಪ್ಪಿದ, ಪ್ರತಿ ಊಟದಲ್ಲೂ ಹೇಳಿದ. ರಾಜನ ಊಟ ಬರಬರುತ್ತಾ ಒಂದು ನಾಳಿ ಅನ್ನಕ್ಕೆ ಬಂದು ನಿಂತಿತು. ಹಳೆಯ ಲೆಕ್ಕದಲ್ಲಿ ನಾಲ್ಕು ನಾಳಿಗೆ ಒಂದು ಆಳ್ಹಕ, ನಾಲ್ಕು ಆಳ್ಹಕಕ್ಕೆ ಒಂದು ದೋಣ. ಅಂದರೆ ಹದಿನಾರರಲ್ಲಿ ಒಂದು ಪಾಲು! ಮೈ ಹಗುರಾದ ಮೇಲೆ ರಾಜ ತನ್ನ ಕೈಕಾಲು ಸವರಿಕೊಳ್ಳುತ್ತಾ, ಈ ಬಾಳಿನಲ್ಲೂ ಮುಂದಕ್ಕೂ ನನಗೆ ಒಳಿತಾಗುವಂತೆ ಭಗವಾನರು ಕರುಣೆ ತೋರಿದರು ಎಂದು ಸಂತೋಷಪಟ್ಟ.

ಸುತ್ತದಲ್ಲಿ ಬರುವ ಒಂದು ಪದ 'ಅನುಪುಬ್ಬೇನ'. ಅನುಪೂರ್ವವಾಗಿ, ಹಂತಹಂತವಾಗಿ ಎಂದರ್ಥ. ಧಮ್ಮಪದದ ಅಟ್ಠಕಥೆ ಇದನ್ನೇ ಬಿಡಿಸಿ ಹೇಳುತ್ತದೆ. ಕೊನೆಯ ತುತ್ತಿನ ಹೊತ್ತಿಗೆ ಗಾಥೆ ಹೇಳಬೇಕು, ರಾಜ ಆ ತುತ್ತು ಬಿಡುತ್ತಾನೆ, ಮರುದಿನ ಅಡಿಗೆಗೆ ಅಕ್ಕಿ ಅಳೆಯುವಾಗ ಆ ತುತ್ತಿನಷ್ಟು ಅಕ್ಕಿ ತೆಗೆಯಬೇಕು. ದಿನಕ್ಕೆ ಒಂದು ತುತ್ತು! ಇದಕ್ಕಿಂತ ಸುಲಭದ ಡಯಟ್ ಯಾವ ಯೂಟ್ಯೂಬಿನಲ್ಲೂ ನಾನು ನೋಡಿಲ್ಲ.

ಇನ್ನೊಂದು ಪದ 'ಭೋಜನೇ ಮತ್ತಞ್ಞುತಾ'. ಪಾಲಿಯ 'ಮತ್ತಾ' ಅಂದರೆ ಮಾತ್ರೆ, ಅಳತೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಛಂದಸ್ಸು ಹೇಳುವಾಗ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಅನ್ನುತ್ತೇನಲ್ಲ, ಅದೇ ಮಾತ್ರೆ. ದವಾಖಾನೆಯಲ್ಲಿ ಕೊಡುವ ಗುಳಿಗೆಗೂ ನಾವು ಮಾತ್ರೆ ಅನ್ನುತ್ತೇವೆ. ತಟ್ಟೆಯ ಮಾತ್ರೆ ತಪ್ಪಿ ದವಾಖಾನೆಯ ಮಾತ್ರೆಗೆ ಬಂದವರಲ್ಲಿ ನಾನೂ ಒಬ್ಬ.

ಅದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದಿನವರೆಗೆ ನಮ್ಮ ಮನೆಯಲ್ಲಿ ನಾನು ಬುದ್ಧಿ ಹೇಳುವವನು. ಊಟಕ್ಕೆ ಕೂತಾಗಲೆಲ್ಲಾ ಹೆಂಡತಿಗೆ "ಕಮ್ಮಿ ಉಣ್ಣು, ಎಷ್ಟು ದಪ್ಪ ಆಗೀದಿ ನೋಡು" ಅನ್ನುತ್ತಿದ್ದೆ, ಮಕ್ಕಳ ಮುಂದೆ, ಬಂದ ನೆಂಟರ ಮುಂದೆ. ಆಕೆ ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ನೀರು ತುಂಬಿ, ಎಲ್ಲರ ಡಬ್ಬಿ ಕಟ್ಟಿ, ಕಡೆಗೆ ಉಳಿದದ್ದನ್ನು ನಿಂತುಕೊಂಡೇ ಉಣ್ಣುವವಳು. ನಾನು ಕುರ್ಚಿಯ ಮೇಲೆ ಕೂತು ಪಾಠ ಹೇಳುವವನು. ಶಾಲೆಯಲ್ಲಿ ಆರೋಗ್ಯ ತಪಾಸಣೆಗೆ ಬಂದವರು ಮಕ್ಕಳದ್ದು ಮುಗಿಸಿ ನಮ್ಮನ್ನೂ ನೋಡಿದರು. ನನ್ನ ತೂಕ 84 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್, ಸಕ್ಕರೆ ಗಡಿ ದಾಟಿತ್ತು. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಹೊಟ್ಟೆಯ ಬೊಜ್ಜು ಅಪಾಯ ಎಂದು ಲೆಕ್ಕ. ಟೇಲರ್ ಟೇಪು ಮನೆಯಲ್ಲಿದ್ದರೆ ಅಳೆದುಕೊಳ್ಳಿ, ಯಾರಿಗೂ ತೋರಿಸಬೇಕಾಗಿಲ್ಲ. ಮನೆಗೆ ಬಂದು ಹೇಳಿದಾಗ ಆಕೆ ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿದ್ದದ್ದೇ ನನಗೆ ಹೆಚ್ಚು ನಾಟಿತು.

ದೋಣಪಾಕ ಸುತ್ತವನ್ನು ಆಮೇಲೆ ಓದಿದಾಗ ನನ್ನ ತಪ್ಪು ಎಲ್ಲಿತ್ತು ಎಂದು ಕಂಡಿತು. ಸುದಸ್ಸನನನ್ನು ನೇಮಿಸಿದವನು *ಸ್ವತಃ ರಾಜ*. ಉಣ್ಣುವವನೇ "ನನಗೆ ನೆನಪು ಮಾಡು" ಎಂದು ಕೇಳಿಕೊಂಡ. ಕೇಳದೆ ಇನ್ನೊಬ್ಬರ ತಟ್ಟೆಗೆ ಕಣ್ಣು ಹಾಕಿ ಹೇಳುವುದು ಗಾಥೆ ಆಗುವುದಿಲ್ಲ, ಚುಚ್ಚುಮಾತು ಆಗುತ್ತದೆ. ಒಳ್ಳೆಯ ಮಾತಿಗೆ ಬುದ್ಧರು ಐದು ಗುಣ ಹೇಳಿದ್ದಾರೆ: ಹೊತ್ತರಿತು ಆಡಬೇಕು, ನಿಜವಿರಬೇಕು, ಮೃದುವಾಗಿರಬೇಕು, ಪ್ರಯೋಜನವಿರಬೇಕು, ಮೈತ್ರಿಯ ಮನಸ್ಸಿನಿಂದ ಬರಬೇಕು. ನನ್ನ "ದಪ್ಪ ಆಗೀದಿ"ಯಲ್ಲಿ ನಿಜ ಒಂದು ಇದ್ದಿರಬಹುದು, ಉಳಿದ ನಾಲ್ಕೂ ಇರಲಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ 'ಡುಮ್ಮಿ' ಅನ್ನುವುದು, ಮದುವೆಗೆ ನೋಡಲು ಬಂದವರು ಮೈಕಟ್ಟಿನ ಮಾತಾಡುವುದು, ಇವೂ ಅದೇ ಜಾತಿಯ ಮಾತು. ಬಣ್ಣಕ್ಕೆ, ಕುಲಕ್ಕೆ ಹೀಯಾಳಿಕೆ ಉಂಡ ನಾವು ಮೈಗೆ ಹೀಯಾಳಿಸಬಾರದಲ್ಲ.

ನಮ್ಮ ಜನರಲ್ಲಿ ಊಟದ ಮಾತು ಇನ್ನೂ ಸೂಕ್ಷ್ಮ. ಊಟ ಕಡಿಮೆ ಮಾಡಬೇಕೆಂದಿದ್ದೇನೆ ಎಂದಾಗ ನಮ್ಮ ಅವ್ವ ಅಂದದ್ದು ಇದು: "ಇಲ್ಲದಾಗ ಉಪಾಸ ಬಿದ್ದೀವಿ. ಈಗ ಇದ್ದಾಗೂ ಉಪಾಸ ಬೀಳಬೇಕೇನಪ್ಪಾ?" ಆಕೆ 1972ರ ಬರ ಕಂಡವಳು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊತ್ತವಳು. ಅದಕ್ಕೂ ಹಿಂದಿನವರು ಇನ್ನೊಬ್ಬರ ಬಾಗಿಲಲ್ಲಿ ನಿಂತು ಹಳಸಿದ್ದನ್ನು ತಂದು ಮಕ್ಕಳಿಗೆ ಹಾಕಿದವರು. 1927ರ ಮಾರ್ಚಿನಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಬೇರೆಯವರು ಎಸೆದ ಎಂಜಲು ಬಿಡಿ ಎಂದು ಕರೆಕೊಟ್ಟರು. ತಟ್ಟೆಯಲ್ಲಿ ಏನಿದೆ ಎಂಬುದು ನಮ್ಮ ಪಾಲಿಗೆ ಯಾವತ್ತೂ ಬರೀ ರುಚಿಯ ವಿಷಯ ಆಗಿರಲಿಲ್ಲ. ಅಂಥ ಅವ್ವ ಮೂರನೇ ರೊಟ್ಟಿ ತಟ್ಟೆಗೆ ಹಾಕುವಾಗ ಅದರಲ್ಲಿ ಇರುವುದು ರೊಟ್ಟಿ ಮಾತ್ರ ಅಲ್ಲ. "ಬೇಡ" ಎಂದು ಕೈ ಅಡ್ಡ ಹಿಡಿದರೆ ಆಕೆಗೆ ನೋವಾಗುತ್ತದೆ. ನಾನು ಕಂಡುಕೊಂಡ ದಾರಿ, ಆಕೆಯ ಪಕ್ಕ ಕೂತು ನಿಧಾನವಾಗಿ ಎರಡೇ ರೊಟ್ಟಿ ಉಣ್ಣುವುದು, ಮೂರನೆಯದರ ಬದಲು ಪಲ್ಯ ಹಾಕಿಸಿಕೊಳ್ಳುವುದು. ಬಡಿಸುವ ಸಂತೋಷ ಆಕೆಗೂ ಉಳಿಯಿತು.

ಉಪವಾಸ ಬೀಳುವುದು ನಮ್ಮ ಮಾರ್ಗವೂ ಅಲ್ಲ. ಸಿದ್ಧಾರ್ಥ ಗೌತಮರು ಮೈ ದಂಡಿಸಿ, ಎಲುಬು ಕಾಣುವ ತನಕ ಊಟ ಬಿಟ್ಟು ನೋಡಿದವರು. ಅದರಿಂದ ಅರಿವು ಹುಟ್ಟುವುದಿಲ್ಲ ಎಂದು ಕಂಡು ಸುಜಾತೆ ಕೊಟ್ಟ ಆಹಾರ ಸ್ವೀಕರಿಸಿದರು. ಜೊತೆಗಿದ್ದ ಐವರು ಪರಿವ್ರಾಜಕರು ಮುನಿಸಿಕೊಂಡು ಹೋದರೂ ಅವರು ಹಿಂದೆಗೆಯಲಿಲ್ಲ. ಹದಿನೈದು ದಿನಕ್ಕೆ ಹತ್ತು ಕಿಲೋ ಇಳಿಸುತ್ತೇವೆ ಎಂದು ಪುಡಿ ಡಬ್ಬಿ ಮಾರುವವರು ನಮ್ಮ ಸೇಡಂ, ಚಿತ್ತಾಪುರ, ವಾಡಿಗೂ ಬಂದಿದ್ದಾರೆ. ವಾರಕ್ಕೆ ಅರ್ಧ ಕಿಲೋ, ಹೆಚ್ಚೆಂದರೆ ಒಂದು ಕಿಲೋ ಇಳಿದರೆ ಸಾಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು. ಸಕ್ಕರೆ ಒಮ್ಮೆಲೇ ಇಳಿದರೆ ಬೆವರು, ನಡುಕ, ತಲೆಸುತ್ತು ಬಂದು ಪ್ರಜ್ಞೆಯೂ ತಪ್ಪಬಹುದು. ಉಪೋಸಥ ದಿನ ಅಷ್ಟಶೀಲ ಹಿಡಿದು ಮಧ್ಯಾಹ್ನದ ನಂತರ ಉಣ್ಣದವರಿಗೂ ಇದೇ ಮಾತು. ಬಾಬಾಸಾಹೇಬರಿಗೂ ಮಧುಮೇಹ ಇತ್ತು. ವೈದ್ಯೆಯಾಗಿದ್ದ ಮಾಯಿಸಾಹೇಬ ಸವಿತಾ ಅಂಬೇಡ್ಕರ್ ಅವರು 1948ರಿಂದ ಅವರ ಔಷಧ, ಪಥ್ಯ ನೋಡಿಕೊಂಡರು. ಅಷ್ಟು ದೊಡ್ಡ ಮನುಷ್ಯನಿಗೂ ಪಥ್ಯ ನೆನಪಿಸಲು ಜೊತೆಗೊಬ್ಬರು ಬೇಕಾಗಿತ್ತು.

ನಮ್ಮ ನೆಲದ ಊಟ ಕೆಟ್ಟದ್ದಲ್ಲ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಮೆಂತೆ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮಜ್ಜಿಗೆ. ನಾರೂ ಇದೆ, ಕಸುವೂ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ನಮ್ಮ ಕಲಬುರಗಿಯದ್ದೇ. ನಾವು ಜಾರಿದ್ದು ಬೇರೆ ಕಡೆ. ಮಧ್ಯಾಹ್ನ ರೊಟ್ಟಿಯ ಜಾಗಕ್ಕೆ ಗುಡ್ಡದಷ್ಟು ಬಿಳಿ ಅನ್ನ, ಸಂಜೆ ಬಂಡಿಯ ಮಿರ್ಚಿಭಜಿ, ಎರಡರ ನಡುವೆ ಚಾ. ನನ್ನ ಚಾದ ಲೆಕ್ಕ ಹೇಳುತ್ತೇನೆ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚೆ. ಸಣ್ಣ ಚಮಚೆಗೆ ಐದು ಗ್ರಾಂ ಹಿಡಿದರೂ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆ, ಚಾದಲ್ಲಿ ಮಾತ್ರ! ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಮಿನ ಒಳಗಿದ್ದರೆ ಉತ್ತಮ ಅನ್ನುತ್ತದೆ. ಶಾಲೆಯ ಬಿಸಿಯೂಟದಲ್ಲಿ ಐದನೇ ತರಗತಿಯ ಮಗುವಿಗೆ 100 ಗ್ರಾಂ, ಎಂಟನೆಯದಕ್ಕೆ 150 ಗ್ರಾಂ ಅಕ್ಕಿ ಎಂದು ನಾನೇ ದಾಖಲೆ ಬರೆಯುತ್ತೇನೆ. ಮನೆಯಲ್ಲಿ ನನ್ನ ತಟ್ಟೆಗೆ ಎಷ್ಟು ಎಂದು ಒಂದು ದಿನವೂ ಬರೆದಿರಲಿಲ್ಲ.

ಹೀಗೆ ಅಡಿಗೆಮನೆಯ ಲೆಕ್ಕ ಬರೆದ ಇನ್ನೊಬ್ಬ ರಾಜ ನಮಗೆ ಹತ್ತಿರದವನು. ಭೀಮಾ ದಂಡೆಯ ಸನ್ನತಿಯಲ್ಲಿ ಅವನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದ ಕಲ್ಲಿನಲ್ಲಿ 'ರಾಯ ಅಸೋಕೊ' ಎಂಬ ಬರಹದೊಂದಿಗೆ ಅವನ ಚಿತ್ರವಿದೆ. ಆಂಧ್ರದ ಎರ್ರಗುಡಿ ಮೊದಲಾದ ಕಡೆ ಇರುವ ಅವನ ಮೊದಲನೇ ಬಂಡೆ ಶಾಸನದಲ್ಲಿ, ಹಿಂದೆ ಅರಮನೆಯ ಅಡಿಗೆಗೆ ದಿನಾ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಮೂರೇ, ಎರಡು ನವಿಲು ಮತ್ತು ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವೂ ನಿಲ್ಲುತ್ತವೆ ಎಂದು ಬರೆಸಿದ್ದಾನೆ. "ಪೂರ್ತಿ ಬಿಟ್ಟೆ" ಎಂದು ಸುಳ್ಳು ಹೇಳಲಿಲ್ಲ. ಇನ್ನೂ ಮೂರು ಉಳಿದಿವೆ ಎಂದು ಕಲ್ಲಿನ ಮೇಲೆ ಒಪ್ಪಿಕೊಂಡ. ಅವನ ವಿಷಯ ಅಹಿಂಸೆ, ನಮ್ಮ ಇಂದಿನ ವಿಷಯ ತೂಕ. ಆದರೂ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಈಗ ನಮ್ಮ ಮನೆಯ ಸುದಸ್ಸನ ನನ್ನ ಮಗಳು, ಏಳನೇ ತರಗತಿ. ನಾನೇ ಕೇಳಿಕೊಂಡೆ. ಎರಡನೇ ರೊಟ್ಟಿ ಮುಗಿಯುವ ಹೊತ್ತಿಗೆ "ಅಪ್ಪಾ, ಎಷ್ಟ ಆದವು?" ಅನ್ನುತ್ತಾಳೆ, ಅಷ್ಟೇ. ನೂರು ಕಹಾಪಣ ಕೊಡುವ ತಾಕತ್ತು ಇಲ್ಲ, ತಿಂಗಳಿಗೊಂದು ಕಥೆಪುಸ್ತಕ ಕೊಡಿಸುತ್ತೇನೆ. ಆಕೆಯ ತಟ್ಟೆಯ ಬಗ್ಗೆ ಯಾರೂ ಏನೂ ಅನ್ನಬಾರದು ಎಂಬುದು ಕರಾರು, ಬೆಳೆಯುವ ಹುಡುಗಿ. ಹೆಂಡತಿಗೆ ತಪ್ಪಾಯಿತು ಎಂದೆ. ಈಗ ಇಬ್ಬರೂ ಕೂತೇ ಉಣ್ಣುತ್ತೇವೆ, ಸಂಜೆ ಕೊಡ್ಲಿಯ ಹೊರಗಿನ ರಸ್ತೆಯಲ್ಲಿ ಅರ್ಧ ತಾಸು ನಡೆಯುತ್ತೇವೆ. ಟಿವಿ ಮುಂದೆ ತಟ್ಟೆ ಹಿಡಿಯುವುದು ಬಿಟ್ಟಿದ್ದೇವೆ. ಸತಿಪಟ್ಠಾನದಲ್ಲಿ ಉಣ್ಣುವಾಗ, ಕುಡಿಯುವಾಗ, ಅಗಿಯುವಾಗ, ಸವಿಯುವಾಗಲೂ ಅರಿವು ಇರಲಿ ಎಂದಿದೆಯಲ್ಲ, ಅದನ್ನು ಇಷ್ಟರ ಮಟ್ಟಿಗೆ ಮಾಡುತ್ತಿದ್ದೇವೆ. ಐದು ತಿಂಗಳಲ್ಲಿ ಆರು ಕಿಲೋ ಇಳಿದೆ. ಲಗ್ನದ ಸೀಸನ್ನಿನಲ್ಲಿ ಎರಡು ಕಿಲೋ ಮತ್ತೆ ಏರಿತು. ಹುಗ್ಗಿ ಕಂಡರೆ ನನಗೆ ಇವತ್ತಿಗೂ ಯಾವ ಗಾಥೆಯೂ ನೆನಪಾಗುವುದಿಲ್ಲ. ಏರಿದ ವಾರ ವಿಹಾರಕ್ಕೆ ಹೋಗಲು ನಾಚಿಕೆಯಾಗಿ ತಪ್ಪಿಸಿಕೊಂಡಿದ್ದೆ. ಒಬ್ಬ ಅಣ್ಣ ಫೋನ್ ಮಾಡಿ, "ಸರ್, ತೂಕದ ಸಲುವಾಗಿ ಬರಲಿಲ್ಲೇನು? ನಂದೂ ಏರ್ಯಾದ, ಬರ್ರಿ" ಅಂದರು.

ಇದೇ ಕೋಸಲ ಸಂಯುತ್ತದಲ್ಲಿ ಇದೇ ಪಸೇನದಿಗೆ ಬುದ್ಧರು ಇನ್ನೊಂದು ಪ್ರಸಂಗ ಹೇಳುತ್ತಾರೆ. ಒಳ್ಳೆಯ ಗೆಳೆತನ ಈ ಮಾರ್ಗದ ಅರ್ಧ ಎಂದು ಆನಂದ ಅಂದಾಗ, ಹಾಗನ್ನಬೇಡ, ಅದೇ ಪೂರ್ತಿ ಎಂದು ಅವನನ್ನು ತಿದ್ದಿದ ಪ್ರಸಂಗ. ಅನ್ನದ ರಾಶಿಯ ಮುಂದೆ ಒಬ್ಬನೇ ಕೂತಿದ್ದಾಗ ಸೋತು, ಹಿಂದೊಬ್ಬ ತರುಣ ನಿಂತಾಗ ಗೆದ್ದ ರಾಜನಿಗೆ ಆ ಮಾತು ಬೇರೆಯವರಿಗಿಂತ ಬೇಗ ತಿಳಿದಿರಬೇಕು ಅನಿಸುತ್ತದೆ.

ಭಾನುವಾರ ತ್ರಿಶರಣ, ಪಂಚಶೀಲದ ನಂತರ ಈ ಸುತ್ತವನ್ನು ಒಟ್ಟಿಗೆ ಓದೋಣ. ನಿಮಗೆ ಸುದಸ್ಸನ ಬೇಕೆನಿಸಿದರೆ ಯಾರನ್ನು ಕೇಳುವಿರಿ ಎಂದು ಮನೆಯಲ್ಲಿ ಯೋಚಿಸಿ ಬನ್ನಿ, ಹೆಸರು ಹೇಳಲೇಬೇಕೆಂದೇನಿಲ್ಲ. ತೂಕದ ಯಂತ್ರ ಒಳಗಿನ ಕೋಣೆಯಲ್ಲಿ ಇರುತ್ತದೆ, ಬೇಕಾದವರು ಒಬ್ಬೊಬ್ಬರೇ ಹೋಗಿ ನೋಡಿಕೊಳ್ಳಬಹುದು. ಈ ವಾರದ ಅಲ್ಪೋಪಹಾರ ನಮ್ಮ ಮನೆಯದು: ಹೆಸರುಕಾಳಿನ ಉಸುಳಿ, ಮಜ್ಜಿಗೆ. ಚಾ ಕೂಡ ಇರುತ್ತದೆ. ಸಕ್ಕರೆ ಬೇರೆ ಬಟ್ಟಲಲ್ಲಿ ಇಟ್ಟಿರುತ್ತೇವೆ, ಬೇಕಾದವರು ಹಾಕಿಕೊಳ್ಳಿ.

ಜೈ ಭೀಮ್. ನಮೋ ಬುದ್ಧಾಯ.