ಕರುಳಿನ ಉರಿಯೂತವೂ ದೇಹರಕ್ಷಣೆಯ ಸಂದೇಶಗಳೂ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರವನ್ನು ಸೇರಿದ ನಮಗೆ ಹೊಟ್ಟೆ ಕೆಟ್ಟಾಗ ಮೊದಲು ನೆನಪಾಗುವ ಅಪರಾಧಿಗಳು ಎರಡು: ಪರಸ್ಥಳದ ನೀರು ಮತ್ತು ಹೋಟೆಲಿನ ಊಟ. ಬಹುಮಟ್ಟಿಗೆ ಈ ಊಹೆ ಸರಿಯೇ. ಅಂತಹ ಭೇದಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ಆದರೆ ವಾರಗಟ್ಟಲೆ ನಿಲ್ಲದ ಭೇದಿ, ಮಲದೊಡನೆ ರಕ್ತ, ನಡುರಾತ್ರಿ ಎಬ್ಬಿಸುವ ಮಲಬಾಧೆ, ಕಾರಣವಿಲ್ಲದೆ ಇಳಿಯುವ ತೂಕ ಇವು ಕಂಡುಬಂದಾಗ, ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ತಾವೇ ನಿರ್ಧರಿಸಿ ಔಷಧದಂಗಡಿಯ ಗುಳಿಗೆಗಳನ್ನು ನುಂಗುತ್ತ ಕಾಲ ಕಳೆಯುವುದು ಅಪಾಯಕರ. ಕರುಳಿನ ದೀರ್ಘಕಾಲಿಕ ಉರಿಯೂತವೆಂಬ ವ್ಯಾಧಿ ಹೀಗೆಯೇ ಆರಂಭವಾಗಬಹುದು.

ಈ ವ್ಯಾಧಿಯಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಗಳನ್ನುಂಟುಮಾಡುವುದು ‘ಅಲ್ಸರೇಟಿವ್ ಕೊಲೈಟಿಸ್’. ಜೀರ್ಣಾಂಗದ ಯಾವ ಭಾಗದಲ್ಲಾದರೂ ತಲೆದೋರಿ, ಗೋಡೆಯ ಪೂರ್ಣ ದಪ್ಪವನ್ನು ವ್ಯಾಪಿಸಬಲ್ಲದ್ದು ‘ಕ್ರೋನ್ ವ್ಯಾಧಿ’. ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ಮೂವರು ವೈದ್ಯರು 1932ರಲ್ಲಿ ಈ ಎರಡನೆಯದನ್ನು ವಿವರವಾಗಿ ವರ್ಣಿಸಿದರು. ಇವೆರಡೂ ಹೆಚ್ಚಾಗಿ ತಾರುಣ್ಯದಲ್ಲಿ ಕಾಣಿಸಿಕೊಳ್ಳುತ್ತವೆ. ಇವು ಅಂಟುಜಾಡ್ಯಗಳಲ್ಲ.

ಹಾಗಾದರೆ ಕರುಳು ಉರಿಯುವುದೇಕೆ? ಕರುಳಿನ ಒಳಗೋಡೆಯ ಹೊದಿಕೆ ಒಂದೇ ಜೀವಕೋಶದಷ್ಟು ದಪ್ಪದ್ದು. ಅದರ ಆಚೆಗೆ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳು. ಈಚೆಗೆ ದೇಹದ ರಕ್ಷಕ ಕೋಶಗಳ ದೊಡ್ಡ ಸೈನ್ಯ. ನಿತ್ಯವಾಸಿಗಳಾದ ಜೀವಾಣುಗಳನ್ನು ಸಹಿಸಿಕೊಂಡು, ಶತ್ರುಗಳನ್ನು ಮಾತ್ರ ಎದುರಿಸುವುದು ಈ ಸೈನ್ಯದ ಕರ್ತವ್ಯ. ಅದಕ್ಕಾಗಿ ಕೋಶಗಳು ‘ಸೈಟೊಕೈನ್’ ಎಂಬ ಪ್ರೋಟೀನುಗಳ ಮೂಲಕ ಪರಸ್ಪರ ಸಂದೇಶ ಕಳುಹಿಸುತ್ತವೆ. ‘ಟಿ.ಎನ್.ಎಫ್.’ ಎಂಬುದು ಅಪಾಯವನ್ನು ಸಾರಿ ರಕ್ತದೊಳಗಿನ ಬಿಳಿಯ ಕಣಗಳನ್ನು ಸ್ಥಳಕ್ಕೆ ಕರೆಸುತ್ತದೆ. ‘ಇಂಟರ್‌ಲ್ಯೂಕಿನ್-23’ ಹೋರಾಟವನ್ನು ಮುಂದುವರಿಸುತ್ತದೆ. ‘ಇಂಟರ್‌ಲ್ಯೂಕಿನ್-10’ ಹೋರಾಟವನ್ನು ನಿಲ್ಲಿಸಲು ಆಜ್ಞಾಪಿಸುತ್ತದೆ.

ಆರೋಗ್ಯವಂತರಲ್ಲಿ ಶತ್ರು ಅಳಿದೊಡನೆ ನಿಲ್ಲಿಸುವ ಆಜ್ಞೆಯೇ ಮೇಲುಗೈ ಪಡೆಯುತ್ತದೆ. ಈ ವ್ಯಾಧಿಯಲ್ಲಾದರೋ ಕರೆ ನಿಲ್ಲುವುದೇ ಇಲ್ಲ. ಬಂದ ಸೈನ್ಯ ತನ್ನ ಕೋಟೆಯ ಗೋಡೆಯನ್ನೇ ಕೆಡವುತ್ತದೆ. ಬಿರುಕಿನಲ್ಲಿ ಜೀವಾಣುಗಳು ಒಳನುಗ್ಗುತ್ತವೆ. ಮತ್ತೆ ಕರೆ ಏಳುತ್ತದೆ. ಇದಕ್ಕೆ ಆನುವಂಶಿಕ ಕಾರಣಗಳೂ ಉಂಟು. ಬ್ಯಾಕ್ಟೀರಿಯಾದ ಗೋಡೆಯ ಚೂರನ್ನು ಗುರುತಿಸುವ ‘ನಾಡ್-2’ ಜೀನಿನ ದೋಷಕ್ಕೂ ಕ್ರೋನ್ ವ್ಯಾಧಿಗೂ ಇರುವ ಸಂಬಂಧ 2001ರಲ್ಲಿ ತಿಳಿದುಬಂತು. ಆದರೆ ಐರೋಪ್ಯ ಮೂಲದ ರೋಗಿಗಳಲ್ಲಿ ಕಂಡ ಆ ಪ್ರಮುಖ ದೋಷಗಳು ಭಾರತೀಯರಲ್ಲಿ ಅತಿ ವಿರಳ. ಆದ್ದರಿಂದ ಒಂದೇ ಜೀನಿನ ಮೇಲೆ ಹೊಣೆ ಹೊರಿಸುವಂತಿಲ್ಲ. ಇತರ ಜೀನುಗಳೂ ಪರಿಸರವೂ ಇದರಲ್ಲಿ ಪಾಲುಗೊಳ್ಳುತ್ತವೆ.

ಸ್ಟಿರಾಯ್ಡ್ ಔಷಧಗಳು ಇಡೀ ಸೈನ್ಯವನ್ನೇ ಮಂಕಾಗಿಸುತ್ತವೆ. ಬೇಕಾದ ಸಂದೇಶವೊಂದನ್ನೇ ತಡೆಯುವ ಯುಗ 1998ರಲ್ಲಿ ಆರಂಭವಾಯಿತು. ಟಿ.ಎನ್.ಎಫ್. ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ‘ಇನ್‌ಫ್ಲಿಕ್ಸಿಮ್ಯಾಬ್’ ಎಂಬ ಪ್ರತಿಕಾಯಕ್ಕೆ ಆ ವರ್ಷ ಅಮೆರಿಕೆಯಲ್ಲಿ ಕ್ರೋನ್ ವ್ಯಾಧಿಯ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಬಳಿಕ ಇತರ ಸಂದೇಶಗಳನ್ನು ತಡೆಯುವ ಔಷಧಗಳೂ ಬಂದವು.

ಇಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕರುಳನ್ನು ಸುಡುವ ಅದೇ ಟಿ.ಎನ್.ಎಫ್. ಕ್ಷಯದ ರೋಗಾಣುವನ್ನು ಗಂಟಿನೊಳಗೆ ಬಂಧಿಸಿಡುವ ಕಾವಲುಗಾರನೂ ಹೌದು. ಕಾವಲನ್ನು ತೆಗೆದರೆ ಸುಪ್ತವಾಗಿದ್ದ ಕ್ಷಯ ಎಚ್ಚರಗೊಳ್ಳಬಹುದು. ಆದುದರಿಂದ ಈ ಔಷಧವನ್ನು ಆರಂಭಿಸುವ ಮೊದಲು ಎದೆಯ ಎಕ್ಸ್‌ರೇ ಮತ್ತು ಸುಪ್ತ ಕ್ಷಯದ ಪರೀಕ್ಷೆ ಅತ್ಯಗತ್ಯ. ಇದಲ್ಲದೆ, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಕರುಳಿನ ಕ್ಷಯವೂ ಕ್ರೋನ್ ವ್ಯಾಧಿಯೂ ಒಂದನ್ನೊಂದು ಹೋಲುತ್ತವೆ. ಕ್ಷಯವನ್ನು ಕ್ರೋನ್ ಎಂದು ತಿಳಿದು ಸ್ಟಿರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಕ್ರೋನ್ ಅನ್ನು ಕ್ಷಯವೆಂದು ತಿಳಿದರೆ ಅಮೂಲ್ಯವಾದ ತಿಂಗಳುಗಳು ವ್ಯರ್ಥವಾಗುತ್ತವೆ. ತಜ್ಞರು ಕೊಲೊನೋಸ್ಕೋಪಿ ಮಾಡಿ, ಕರುಳಿನ ಚೂರನ್ನು ತೆಗೆದು ಪರೀಕ್ಷಿಸಬೇಕೆಂದಾಗ ಹಿಂಜರಿಯಬಾರದೆನ್ನುವುದು ಇದಕ್ಕಾಗಿಯೇ.

ಕೊನೆಯದಾಗಿ ಕೆಲವು ಸೂಚನೆಗಳು. ತಂಬಾಕು ಸೇವನೆಯನ್ನು ಬಿಡಿರಿ. ಧೂಮಪಾನ ಕ್ರೋನ್ ವ್ಯಾಧಿಯನ್ನು ಉಲ್ಬಣಗೊಳಿಸುತ್ತದೆ. ಹಾಯೆನಿಸಿತೆಂದು ಔಷಧವನ್ನು, ಅದರಲ್ಲೂ ಸ್ಟಿರಾಯ್ಡನ್ನು, ಹಠಾತ್ತನೆ ನಿಲ್ಲಿಸಬೇಡಿರಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಾಗಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ. ನೌಕರಿಯಲ್ಲಿ ವರ್ಗವಾದಾಗ, ಮದುವೆ ಮುಂಜಿಗಳಿಗೆ ಊರಿಗೆ ಹೊರಟಾಗ, ಪರೀಕ್ಷೆಯ ವರದಿಗಳೂ ಔಷಧದ ಚೀಟಿಯೂ ಪೆಟ್ಟಿಗೆಯಲ್ಲಿರಲಿ. ಪರಸ್ಥಳದ ವೈದ್ಯನಿಗೆ ನಿಮ್ಮ ಕರುಳಿನ ಕಥೆಯನ್ನು ತಪ್ಪಿಲ್ಲದೆ ಹೇಳಬಲ್ಲವು ಆ ಕಾಗದಗಳೇ.