ವಿಂಡೋಸ್ ಹೊಸದಾಯಿತು, ಹಾರ್ಡ್ ಡಿಸ್ಕ್ ಕಾಣುತ್ತಿಲ್ಲವೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಚಲಕರಂಜಿಯ ನೂಲಿನ ವ್ಯಾಪಾರಿ, ಕೊಲ್ಹಾಪುರದ ಮದುವೆ ಫೋಟೊ ಸ್ಟುಡಿಯೊ, ಗಡಹಿಂಗ್ಲಜದಲ್ಲಿ ಮರಾಠಿ ಮತ್ತು ಕನ್ನಡ ಎರಡರಲ್ಲೂ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ, ಎಲ್ಲರಿಗೂ ಒಂದೇ ಕೆಲಸ ಬಂದಿದೆ: ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸುವುದು. ಆದರೆ ಇಂಥ ಕಡೆ ನಿಜವಾದ ಆಸ್ತಿ ಇರುವುದು ಕಂಪ್ಯೂಟರಿನೊಳಗಲ್ಲ, ಕೇಬಲ್ ಚುಚ್ಚಿ ಬಳಸುವ ಅಂಗೈಯಗಲದ ಹಾರ್ಡ್ ಡಿಸ್ಕ್‌ನಲ್ಲಿ. ಹೊಸ ವಿಂಡೋಸ್ ಬಂದ ಮರುದಿನ ಅದು ಪರದೆಯ ಮೇಲೆ ಕಾಣದಿದ್ದರೆ ಎದೆ ಧಸಕ್ಕೆನ್ನುವುದು ಸಹಜ.

ಹೀಗೆ ಕಾಣೆಯಾದ ಡಿಸ್ಕ್‌ಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಗಾಬರಿಯಲ್ಲಿ ಒತ್ತುವ ಗುಂಡಿಯೇ ಅವನ್ನು ಕೆಡಿಸುತ್ತದೆ. 'ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳಿದರೆ 'ಕ್ಯಾನ್ಸಲ್' ಒತ್ತಬೇಕು. 'ಇನಿಷಿಯಲೈಸ್ ಡಿಸ್ಕ್' ಎಂದು ಕೇಳಿದರೂ ಅಷ್ಟೇ. ಡಿಸ್ಕಿನೊಳಗಿನ ಬರಹದ ವ್ಯವಸ್ಥೆ ತನಗೆ ಅರ್ಥವಾಗಲಿಲ್ಲ ಎಂದಷ್ಟೇ ಆ ಸಂದೇಶ ಹೇಳುತ್ತದೆ, ಒಳಗೆ ಏನೂ ಇಲ್ಲ ಎಂದಲ್ಲ.

ಇನ್ನೂ ಅಪ್‌ಗ್ರೇಡ್ ಮಾಡದವರು ಮೊದಲು ಡಿಸ್ಕನ್ನು ಕಿತ್ತು ಪಕ್ಕಕ್ಕಿಡಲಿ. ಇದು ಬರೀ ಮುನ್ನೆಚ್ಚರಿಕೆಯ ಮಾತಲ್ಲ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್ ಬಂದಾಗ, ಯುಎಸ್‌ಬಿ ಡಿಸ್ಕ್ ಅಥವಾ ಮೆಮೊರಿ ಕಾರ್ಡ್ ಸಿಕ್ಕಿಸಿದ್ದ ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದಿತ್ತು. ಡ್ರೈವ್‌ಗಳ ಅಕ್ಷರ ಅದಲುಬದಲಾಗುವ ಅಪಾಯವಿತ್ತು. ಅದಕ್ಕೂ ಮುಂಚೆ, 2013ರಲ್ಲಿ ಆ್ಯಪಲ್‌ನ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆ ಮ್ಯಾವರಿಕ್ಸ್ ಬಂದಾಗ ಹೊರಗಿನ ಡಿಸ್ಕ್‌ಗಳಲ್ಲಿ ದತ್ತಾಂಶ ಮಾಯವಾದ ದೂರುಗಳೆದ್ದವು. ಡಿಸ್ಕ್ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿಯೇ ಗ್ರಾಹಕರಿಗೆ ಮಿಂಚಂಚೆ ಕಳಿಸಿ, ತನ್ನ ಡಿಸ್ಕ್ ತಂತ್ರಾಂಶವನ್ನು ತೆಗೆದುಹಾಕಿ ಎಂದು ಕೇಳಿಕೊಂಡಿತು. ಡಿಸ್ಕ್ ಜತೆ ಬರುವ ಬ್ಯಾಕಪ್ ತಂತ್ರಾಂಶ ಹಳೆಯದಾಗಿದ್ದರೆ ಈಗಲೂ ಅದನ್ನು ಮೊದಲೇ ತೆಗೆಯುವುದು ಲೇಸು. ಪಾಸ್‌ವರ್ಡ್ ಹಾಕಿದ ಡಿಸ್ಕ್ ಆಗಿದ್ದರೆ ಮಾತ್ರ ತಡೆಯಿರಿ: ಕಂಪನಿಯ ತಂತ್ರಾಂಶದ ಬೀಗವೇ ಇದ್ದರೆ, ಹಳೆಯ ವಿಂಡೋಸ್‌ನಲ್ಲೇ ಅದನ್ನು ತೆರೆದು ಫೈಲುಗಳನ್ನು ಬೇರೆಡೆ ನಕಲು ಮಾಡಿಕೊಂಡ ನಂತರ ಮುಂದುವರಿಯಬೇಕು. ಬಿಟ್‌ಲಾಕರ್ ಬೀಗವಾದರೆ ಪಾಸ್‌ವರ್ಡ್ ಜತೆಗೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ.

ಅಪ್‌ಗ್ರೇಡ್ ಆಗಿಹೋಗಿದೆ, ಡಿಸ್ಕ್ ಕಾಣುತ್ತಿಲ್ಲ ಎನ್ನುವವರು ವಿದ್ಯುತ್ತಿನಿಂದ ಶುರುಮಾಡಲಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಪೋರ್ಟ್ 900. ಮುಂದುಗಡೆಯ ಪೋರ್ಟು, ಉದ್ದನೆಯ ಕೇಬಲ್ಲು, ನಡುವೆ ಒಂದು ಹಬ್, ಇಷ್ಟು ಸಾಕು ಡಿಸ್ಕ್ ಸರಿಯಾಗಿ ತಿರುಗದೆ ಇರಲು. ಸಿಪಿಯು ಹಿಂಭಾಗದ ಪೋರ್ಟಿಗೆ ಗಿಡ್ಡ ಕೇಬಲ್‌ನಿಂದ ನೇರವಾಗಿ ಚುಚ್ಚಿ ನೋಡಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಕಂಡರೆ ಡಿಸ್ಕ್ ಗಟ್ಟಿಯಾಗಿದೆ ಎಂದು ತಿಳಿಯಿರಿ. ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬಂದರೆ ಪ್ರಯೋಗವೆಲ್ಲ ನಿಲ್ಲಿಸಿ, ಕೇಬಲ್ ಕಿತ್ತು, ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಬೇಕು.

ನಂತರ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಡಿಸ್ಕ್ ಇಲ್ಲಿ ಕಾಣುತ್ತಿದೆ, ಆದರೆ ಅದಕ್ಕೆ ಅಕ್ಷರವಿಲ್ಲ ಎಂದಾದರೆ ಅರ್ಧ ಚಿಂತೆ ಕಳೆಯಿತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, 'ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್' ಆರಿಸಿ, ಮೊದಲಿದ್ದ ಅಕ್ಷರವನ್ನೇ ಕೊಡಿ. ಮೊದಲಿದ್ದದ್ದನ್ನೇ ಏಕೆ? ಇಚಲಕರಂಜಿಯ ಮಗ್ಗದ ಲೆಕ್ಕದ ಕೋಣೆಯಲ್ಲಿ ಇದರ ಉತ್ತರವಿದೆ. ಲೆಕ್ಕದ ತಂತ್ರಾಂಶ ಟ್ಯಾಲಿಗೆ ಲೆಕ್ಕದ ಫೋಲ್ಡರ್ ಎಲ್ಲಿದೆ ಎಂಬ ವಿಳಾಸ ಬರೆದಿಟ್ಟಿರಬೇಕು. ಆ ವಿಳಾಸ 'ಎಫ್' ಡ್ರೈವ್ ಎಂದಿದ್ದು, ಅಪ್‌ಗ್ರೇಡ್ ನಂತರ ಡಿಸ್ಕ್ 'ಜಿ' ಆದರೆ ಕಂಪನಿಯ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಲೆಕ್ಕವೇ ಹೋಯಿತೆಂದು ಅಲ್ಲೇ ಅದೇ ಹೆಸರಿನ ಹೊಸ ಕಂಪನಿ ತೆರೆದರೆ ಎರಡು ಲೆಕ್ಕ ಬೆರೆತು ಜಿಎಸ್‌ಟಿ ಸಲ್ಲಿಸುವ ದಿನ ಪೇಚಾಟ ತಪ್ಪದು. ಅಕ್ಷರ ಸರಿಪಡಿಸಿ, ಇಲ್ಲವೇ ಟ್ಯಾಲಿಯಲ್ಲಿ ವಿಳಾಸ ತಿದ್ದಿ. ಹಳೆಯ ಫೋಲ್ಡರ್ ಹಾಗೇ ಇರುತ್ತದೆ.

ಫೋಲ್ಡರ್ ಕಾಣುತ್ತದೆ, ಆದರೆ ಒಳಗೆ ಹೋಗಲು 'ಅನುಮತಿ ಇಲ್ಲ' ಎನ್ನುತ್ತದೆ ಎಂದರೆ ಹಳೆಯ ಬಳಕೆದಾರನ ಹೆಸರಲ್ಲಿ ಅದು ಉಳಿದಿದೆ. ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ, ಅಲ್ಲಿಂದ ಅಡ್ವಾನ್ಸ್‌ಡ್‌ಗೆ ಹೋಗಿ ಒಡೆತನ ಬದಲಿಸಿಕೊಳ್ಳಬಹುದು.

ಕೊಲ್ಹಾಪುರದ ಸ್ಟುಡಿಯೊಗಳಿಗೆ ಬೇರೆಯೇ ತೊಡಕು. ಮ್ಯಾಕ್‌ನಲ್ಲಿ ವಿಡಿಯೊ ಎಡಿಟ್ ಮಾಡಿ, ಅದೇ ಡಿಸ್ಕನ್ನು ವಿಂಡೋಸ್‌ಗೆ ಚುಚ್ಚಿದರೆ ಫಾರ್ಮ್ಯಾಟ್ ಕೇಳುತ್ತದೆ. 2017ರಿಂದ ಆ್ಯಪಲ್ ಬಳಸುತ್ತಿರುವ ಎಪಿಎಫ್‌ಎಸ್ ವ್ಯವಸ್ಥೆಯನ್ನು ವಿಂಡೋಸ್ ಓದುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ ಅನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಎರಡರಲ್ಲೂ ಓಡಾಡುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ತಕ್ಕದ್ದು. ಎಫ್‌ಎಟಿ32ರಲ್ಲಿ ಒಂದೊಂದು ಫೈಲಿಗೆ 4 ಜಿಬಿ ಮಿತಿ ಇರುವುದರಿಂದ ಮದುವೆಯ ಉದ್ದನೆಯ ವಿಡಿಯೊಗೆ ಅದು ಒಗ್ಗದು. ವ್ಯವಸ್ಥೆ ಬದಲಿಸಬೇಕಾದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ, ಹಾಗಾಗಿ ಎಲ್ಲವನ್ನೂ ಮೊದಲು ಇನ್ನೊಂದು ಡಿಸ್ಕಿಗೆ ಹಾಕಿಕೊಳ್ಳುವುದು ಕಡ್ಡಾಯ. ದೋಷ ತಿದ್ದುವ 'ಚೆಕ್ ಡಿಸ್ಕ್' ಓಡಿಸುವುದೂ ನಕಲು ಆದ ಮೇಲೆಯೇ.

ಇಷ್ಟೆಲ್ಲ ಮಾಡಿದರೂ ಆಗಲಿಲ್ಲವೇ? ಅಪ್‌ಗ್ರೇಡ್ ಆದ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ 'ರಿಕವರಿ'ಯಲ್ಲಿ ಹಳೆಯ ವಿಂಡೋಸ್‌ಗೆ ಮರಳುವ ದಾರಿ ಇರುತ್ತದೆ. ವಿಂಡೋಸ್ 10ರಲ್ಲೇ ಉಳಿಯುವ ಮನೆಬಳಕೆದಾರರು ಮೈಕ್ರೋಸಾಫ್ಟ್‌ನ ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಯೋಜನೆಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ನಕಲಿಟ್ಟ ಎರಡನೆಯ ಡಿಸ್ಕ್ ಎಲ್ಲಿರಬೇಕು ಎಂಬುದನ್ನೂ ಯೋಚಿಸಬೇಕು. ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆ ನದಿಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟ್‌ನಲ್ಲಿ ನೀರು 55 ಅಡಿ ದಾಟಿತ್ತು. ಎರಡೂ ಡಿಸ್ಕ್‌ಗಳನ್ನು ಒಂದೇ ಅಂಗಡಿಯ ಕೆಳಗಿನ ಕಪಾಟಿನಲ್ಲಿಟ್ಟರೆ ನಕಲಿದ್ದೂ ಪ್ರಯೋಜನವಿಲ್ಲ. ಒಂದನ್ನು ನದಿಯಿಂದ ದೂರದ ನೆಂಟರ ಮನೆಯಲ್ಲಿಡಿ. ಅದರ ಮೇಲೆ ಚೀಟಿ ಅಂಟಿಸಿ, ನಕಲು ಮಾಡಿದ ತಾರೀಖು, ಡ್ರೈವ್ ಅಕ್ಷರ, ಎಕ್ಸ್‌ಫ್ಯಾಟೋ ಎನ್‌ಟಿಎಫ್‌ಎಸ್ಸೋ ಎಂಬುದನ್ನು ಬರೆದಿಡಿ.